ಸಹಾಯಾರ್ಥ ಕೂಡಿಸಿದ ಹಣ ಯಾರದು?

ಕಳೆದ ತಿಂಗಳ ಸದಸ್ಯರ ಸಭೆಗೆ ಬಂದಿದ್ದವರಿಗೆ ನೆನಪಿರಬಹುದು. ರಾಜ್ಯೋತ್ಸವದ ಸುಮಾರಿಗೆ ನಮ್ಮವರೇ ಒಂದು ನಾಟಕವಾಡಿ, ಟಿಕೆಟು ಮಾರಿ, ಬಂದ ಹಣವನ್ನು ಬಡರೋಗಿಗಳ ಔಷಧೋಪಚಾರಕ್ಕೆ ಕೊಡುವುದೆಂದು ಎಲ್ಲರೂ ಒಪ್ಪಿದ್ದಾಯಿತು. ಅಷ್ಟರಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಅಲ್ಲಪ್ಪಾ, ಬರುವ ಹಣದಲ್ಲಿ ಒಂದಿಷ್ಟು ಮುರಿದುಕೊಂಡು ಈ ಓದುವ ಕೋಣೆಗೆ ಒಂದು ಫ್ಯಾನು ಹಾಕಿಸಿದರೆ ತಪ್ಪೇನು? ಇಲ್ಲಿ ಬಂದು ಕೂರುವ ನಾವೂ ಬಡವರೇ ತಾನೆ?" ಎಂದು ಕೇಳಿದರು. ಎಲ್ಲರೂ ನಕ್ಕರು, ಉತ್ತರವನ್ನು ಮಾತ್ರ ಯಾರೂ ಕೊಡಲಿಲ್ಲ. ಕಾರ್ಯದರ್ಶಿಗಳು ನನ್ನ ಕಡೆಗೆ ತಿರುಗಿ, "ಲೆಕ್ಕ ಬರೆಯುವವರು ನೀವು. ಈ ವಿಷಯವಾಗಿ ಮುಂದಿನ ಸಂಚಿಕೆಗೆ ಒಂದು ಪಾಠ ಬರೆದುಕೊಡಿ" ಎಂದರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ನೇರವಾಗಿ ಗಿರಣಿಯ ಲೆಕ್ಕದ ಮೇಜಿಗೆ ಬಂದು ಕೂತವನು. ಪಾಂಡಿತ್ಯದ ಮಾತು ನನ್ನಲ್ಲಿಲ್ಲ, ಜಮಾ-ಖರ್ಚಿನ ಮಾತು ಉಂಟು. ವಾಚಕರು ಅಷ್ಟರಿಂದಲೇ ತೃಪ್ತರಾಗಬೇಕು.

ಈ ಪ್ರಶ್ನೆ ನಮಗೆ ಮಾತ್ರ ಬಂದದ್ದಲ್ಲ. ಊರೂರಿನಲ್ಲಿ ಕೆಲಸ ಮಾಡುತ್ತಿರುವ ಸೇವಾ ಕ್ಲಬ್ಬುಗಳು ನೂರು ವರ್ಷಗಳಿಂದ ಇದನ್ನು ಎದುರಿಸಿ, ಒಂದು ರೀತಿಯ ಉತ್ತರವನ್ನು ಕಂಡುಕೊಂಡಿವೆ. ಬಸ್ ನಿಲ್ದಾಣದ ನೆರಳಿನ ಮೇಲೆ, ಶಾಲೆಯ ಕುಡಿಯುವ ನೀರಿನ ತೊಟ್ಟಿಯ ಮೇಲೆ, ಕಣ್ಣಿನ ಪರೀಕ್ಷೆಯ ಶಿಬಿರದ ಬಟ್ಟೆಯ ಫಲಕದ ಮೇಲೆ ಹಲ್ಲುಚಕ್ರದ ಗುರುತನ್ನೋ ಸಿಂಹದ ಗುರುತನ್ನೋ ನೀವು ನೋಡಿರುತ್ತೀರಿ. ಚಕ್ರ ರೋಟರಿಯವರದು, ಸಿಂಹ ಲಯನ್ಸ್‌ನವರದು.

ರೋಟರಿ ಹುಟ್ಟಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ, 1905ನೆಯ ಇಸವಿ ಫೆಬ್ರವರಿ 23ರಂದು. ಪಾಲ್ ಹ್ಯಾರಿಸ್ ಎಂಬ ವಕೀಲರೂ ಅವರ ಮೂವರು ಸ್ನೇಹಿತರೂ ಕೂಡಿ ಆರಂಭಿಸಿದರು. ಆ ಮೂವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಇಂಜಿನಿಯರು, ಇನ್ನೊಬ್ಬರು ಬಟ್ಟೆ ಹೊಲಿಸಿ ಮಾರುವವರು. ಒಂದು ವಾರ ಒಬ್ಬರ ಕಚೇರಿಯಲ್ಲಿ, ಮರುವಾರ ಇನ್ನೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ಸುತ್ತುವುದೆಂಬ ಅರ್ಥದ ಈ ಹೆಸರು ಬಂದಿತು. ಮೊದಮೊದಲು ಪರಸ್ಪರ ಪರಿಚಯ, ವ್ಯಾಪಾರದ ಅನುಕೂಲ ಇಷ್ಟೇ ಉದ್ದೇಶವಾಗಿತ್ತು. ಸಾರ್ವಜನಿಕ ಸೇವೆಯೆಂದು ಅವರು ಮೊದಲು ಕೈಹಾಕಿದ ಕೆಲಸ, 1907ರಲ್ಲಿ, ಶಿಕಾಗೋ ನಗರದಲ್ಲಿ ಸಾರ್ವಜನಿಕ ಶೌಚಾಲಯ ಬೇಕೆಂದು ಒತ್ತಾಯಿಸಿದ್ದು. ದೊಡ್ಡ ಹೆಸರಿನ ಸಂಸ್ಥೆಯ ಮೊದಲ ಕೆಲಸ ಕಕ್ಕಸು! ಊರುಬಿಟ್ಟು ಊರಿಗೆ ಬಂದು, ಬಸ್ ನಿಲ್ದಾಣದಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಗಂಟೆಗಟ್ಟಲೆ ಕಾದ ಅನುಭವವುಳ್ಳ ನಮ್ಮವರು ಇದಕ್ಕೆ ನಗಲಾರರು. ನಮ್ಮ ದೇಶಕ್ಕೆ ಈ ಸಂಸ್ಥೆಯು 1919-20ರಲ್ಲಿ ಕಲ್ಕತ್ತೆಯ ಮೂಲಕ ಬಂದಿತು. ಮದರಾಸಿನ ಕ್ಲಬ್ಬು 1929ರದು, ಬೆಂಗಳೂರಿನದು 1934ರದು.

ಲಯನ್ಸ್ ಕೂಡ ಶಿಕಾಗೋದ ಕೂಸೇ. ಮೆಲ್ವಿನ್ ಜೋನ್ಸ್ ಎಂಬ ವಿಮಾ ಏಜೆಂಟರು 1917ರಲ್ಲಿ ಹಲವು ಕ್ಲಬ್ಬುಗಳನ್ನು ಒಗ್ಗೂಡಿಸಿ ಇದನ್ನು ಕಟ್ಟಿದರು. 1925ರಲ್ಲಿ, ಕಣ್ಣೂ ಕಿವಿಯೂ ಇಲ್ಲದೆ ವಿದ್ಯೆ ಕಲಿತು ಲೋಕಪ್ರಸಿದ್ಧರಾದ ಹೆಲೆನ್ ಕೆಲರ್ ಅವರು ಇವರ ಸಮ್ಮೇಳನಕ್ಕೆ ಬಂದು, ಕುರುಡರ ಕೆಲಸವನ್ನು ನಿಮ್ಮದಾಗಿ ಮಾಡಿಕೊಳ್ಳಿರೆಂದು ಬೇಡಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ಲಯನ್ಸ್‌ನವರ ಮನೆಕೆಲಸವೇ ಆಗಿದೆ. ಕುರುಡರು ಹಿಡಿಯುವ ಬಿಳಿಯ ಕೋಲನ್ನು ಅಮೆರಿಕದಲ್ಲಿ ಬಳಕೆಗೆ ತಂದವರಲ್ಲಿ 1930ರ ಪಿಯೋರಿಯಾ ಊರಿನ ಲಯನ್ಸ್ ಕ್ಲಬ್ಬು ಮುಖ್ಯವಾದದ್ದು. ಭಾರತದ ಮೊದಲ ಲಯನ್ಸ್ ಕ್ಲಬ್ಬು 1956ರಲ್ಲಿ ಬೊಂಬಾಯಿಯಲ್ಲಿ ಆರಂಭವಾಯಿತು.

ಚರಿತ್ರೆ ಇಷ್ಟು ಸಾಕು. ನಮಗೆ ಬೇಕಾದದ್ದು ಅವರ ಲೆಕ್ಕದ ಪುಸ್ತಕ.

ಲಯನ್ಸ್ ಸಂಸ್ಥೆಯಲ್ಲಿ ಪ್ರತಿಯೊಂದು ಕ್ಲಬ್ಬೂ ಎರಡು ಖಾತೆಗಳನ್ನು ಬೇರೆಬೇರೆಯಾಗಿ ಇಡತಕ್ಕದ್ದೆಂಬ ನಿಯಮ ಉಂಟು. ಒಂದು ಆಡಳಿತದ ಖಾತೆ. ಸದಸ್ಯರ ವಂತಿಗೆ ಅದಕ್ಕೆ ಜಮೆ. ಸಭೆಯ ಊಟ-ತಿಂಡಿ, ಅಂಚೆ, ಕಾಗದ, ಬಾಡಿಗೆ ಅದರಿಂದ ಖರ್ಚು. ಇನ್ನೊಂದು ಸೇವೆಯ ಖಾತೆ. ನಾಟಕ, ಸಂಗೀತ, ಮಾರಾಟಮೇಳ, ಡಬ್ಬಿ ವಸೂಲಿ ಇವುಗಳ ಮೂಲಕ ಸಾರ್ವಜನಿಕರಿಂದ ಬಂದ ಹಣವೆಲ್ಲ ಅದಕ್ಕೆ ಜಮೆ. ಅದು ಸಾರ್ವಜನಿಕರಿಗೇ ಹಿಂದಿರುಗಬೇಕು. ಆ ಕಾರ್ಯಕ್ರಮವನ್ನು ನಡೆಸಲು ನೇರವಾಗಿ ತಗಲಿದ ವೆಚ್ಚವನ್ನು ಕಳೆಯಬಹುದು. ಬೇರೆ ಏನನ್ನೂ ಕಳೆಯುವಂತಿಲ್ಲ. ಅಷ್ಟೇ ಅಲ್ಲ, ಆ ಹಣ ಬ್ಯಾಂಕಿನಲ್ಲಿದ್ದಾಗ ಹುಟ್ಟಿದ ಬಡ್ಡಿಯೂ ಸೇವೆಯ ಖಾತೆಗೇ ಸೇರಬೇಕು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಹಸು ಪರರದಾದರೆ ಕರುವೂ ಪರರದೇ ಅಲ್ಲವೆ?

ಇಷ್ಟು ಕಟ್ಟುನಿಟ್ಟು ಏತಕ್ಕೆ ಎಂದು ಕೇಳಬಹುದು. ಅದಕ್ಕೆ ನಮ್ಮ ಕ್ರೋಂಪೇಟೆಯಲ್ಲೇ ಒಂದು ದೃಷ್ಟಾಂತವುಂಟು. ಕ್ರೋಮ್ ಲೆದರ್ ಕಂಪನಿಯ ಚರ್ಮದ ಕಾರ್ಖಾನೆಯಿಂದ ಹೆಸರು ಪಡೆದ ಈ ಊರಿಗೆ ವಿದ್ಯೆಯ ಹೆಸರು ತಂದದ್ದು ಮದರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಅದನ್ನು 1949ರಲ್ಲಿ ಸ್ಥಾಪಿಸಿದ ಸಿ. ರಾಜಂ ಅವರು, ಅದಕ್ಕಾಗಿ 'ಇಂಡಿಯಾ ಹೌಸ್' ಎಂಬ ತಮ್ಮ ಸ್ವಂತ ಬಂಗಲೆಯನ್ನೇ ಮಾರಿದರು. ರೈಲ್ವೆ ಹಳಿಯ ಆಚೆಗಿರುವ ಆ ವಿದ್ಯಾಲಯದಲ್ಲಿ ಮುಂದೆ ರಾಷ್ಟ್ರಪತಿಗಳಾದ ಅಬ್ದುಲ್ ಕಲಾಂ ಓದಿದರು. 1978ರಿಂದ ಅದು ಅಣ್ಣಾ ವಿಶ್ವವಿದ್ಯಾಲಯದ ಅಂಗವಾಗಿದೆ. ರಾಜಂ ಅವರು ಮಾರಿದ್ದು ತಮ್ಮ ಮನೆಯನ್ನು. ಆ ಹಣದಲ್ಲಿ ಅರ್ಧವನ್ನು ಉಳಿಸಿಕೊಂಡಿದ್ದರೂ ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಅದು ದಾನ. ಆದರೆ ಕ್ಲಬ್ಬುಗಳೂ ನಮ್ಮಂಥ ಸಂಘಗಳೂ ಕೊಡುವುದು ತಮ್ಮ ಹಣವನ್ನಲ್ಲ. ಟಿಕೆಟು ಕೊಂಡವನು ಕೊಟ್ಟ, ರೋಗಿ ತೆಗೆದುಕೊಂಡ. ನಡುವೆ ನಿಂತು ಒಯ್ದು ಮುಟ್ಟಿಸುವವರು ನಾವು. ಮನಿಆರ್ಡರ್ ತರುವ ಅಂಚೆಯವನ ಸ್ಥಾನ ನಮ್ಮದು. ಅಂಚೆಯವನು ಬಡವನಾಗಿರಬಹುದು, ಅವನ ಮನೆಯಲ್ಲೂ ಫ್ಯಾನು ಇಲ್ಲದಿರಬಹುದು. ಆದರೂ ಊರಿನಲ್ಲಿರುವ ನಿಮ್ಮ ತಾಯಿಗೆ ನೀವು ಕಳಿಸಿದ ಹಣದಲ್ಲಿ ಅವನು ಐವತ್ತು ಮುರಿದುಕೊಂಡರೆ ಸುಮ್ಮನಿರುತ್ತೀರಾ?

ಸಂಗೀತ ಕಚೇರಿಗಳ ಮೂಲಕ ಪರೋಪಕಾರಕ್ಕೆ ಹಣ ಕೂಡಿಸಿಕೊಟ್ಟವರಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿ ಅವರನ್ನು ಮೀರಿಸಿದವರು ವಿರಳ. 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಹಾಡಿದಂದಿನಿಂದ ಆಸ್ಪತ್ರೆ, ಶಾಲೆ, ದೇವಾಲಯ ಎಂದು ಎಷ್ಟೋ ಕಡೆಗೆ ಅವರ ಕಚೇರಿಯ ಹಣ ಹರಿದುಹೋಯಿತು. 1974ರಲ್ಲಿ ಅವರಿಗೆ ಬಂದ ಮ್ಯಾಗ್ಸೇಸೇ ಪ್ರಶಸ್ತಿ ಸಾರ್ವಜನಿಕ ಸೇವೆಯ ವಿಭಾಗದ್ದೆಂಬುದನ್ನು ಬಹಳ ಮಂದಿ ಮರೆತಿದ್ದಾರೆ.

ಇನ್ನು ಪೋಲಿಯೊ ವಿಷಯಕ್ಕೆ ಬರೋಣ. ಸೇವಾ ಕ್ಲಬ್ಬೊಂದು ಹಣ ಕೂಡಿಸಿ ಒಂದೇ ಗುರಿಗೆ ಸುರಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ನಲವತ್ತು ದಾಟಿದ ನಮ್ಮ ಸದಸ್ಯರ ಓರಗೆಯವರಲ್ಲಿ ಒಂದು ಕಾಲು ಸಣಕಲಾಗಿ, ತೊಡೆಗೆ ಕೈ ಊರಿಕೊಂಡು ನಡೆಯುವವರು ಊರಿಗೆ ಒಬ್ಬಿಬ್ಬರಾದರೂ ಇರುತ್ತಾರೆ. ನಮ್ಮ ಮಕ್ಕಳ ಶಾಲೆಯಲ್ಲಿ ಅಂಥ ಒಂದು ಮಗುವೂ ಕಾಣದು. ಇದು ತಾನಾಗಿ ಆದದ್ದಲ್ಲ. 1985ರಲ್ಲಿ ರೋಟರಿ ಸಂಸ್ಥೆಯು ಲೋಕದ ಮಕ್ಕಳಿಗೆಲ್ಲ ಪೋಲಿಯೊ ಲಸಿಕೆ ಕೊಡಿಸುವ ಕೆಲಸಕ್ಕೆ 12 ಕೋಟಿ ಡಾಲರು ಕೂಡಿಸುವುದಾಗಿ ಸಾರಿತು. 1988ರ ಹೊತ್ತಿಗೆ ಕೂಡಿದ್ದು 24 ಕೋಟಿ 70 ಲಕ್ಷ. ಆ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳೊಂದಿಗೆ ಸೇರಿ ಪೋಲಿಯೊ ನಿರ್ಮೂಲನದ ಕಾರ್ಯ ಆರಂಭವಾಯಿತು. ಆಗ ಲೋಕದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು.

ನಮ್ಮ ದೇಶದಲ್ಲಿ 1995ರ ಡಿಸೆಂಬರಿನಲ್ಲಿ ಪಲ್ಸ್ ಪೋಲಿಯೊ ದಿನ ದೇಶವ್ಯಾಪಿಯಾಗಿ ಆರಂಭವಾಯಿತು. ಖರ್ಚಿನ ದೊಡ್ಡ ಪಾಲು ಸರ್ಕಾರದ್ದು. ಮನೆಮನೆ ಅಲೆದದ್ದು ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು, ಅಂಗನವಾಡಿಯವರು. ಆ ಶ್ರೇಯಸ್ಸನ್ನೆಲ್ಲ ಕ್ಲಬ್ಬಿನ ಬುಟ್ಟಿಗೆ ಹಾಕುವುದು ಅನ್ಯಾಯವಾದೀತು. ಆದರೆ ಕ್ಲಬ್ಬಿನವರು ಹಣ ಕೊಟ್ಟು ಮನೆಯಲ್ಲಿ ಕೂರಲಿಲ್ಲ. ಮಂಜುಗಡ್ಡೆಯ ಪೆಟ್ಟಿಗೆ ಹೊತ್ತರು, ಮೇಜು ಹಾಕಿಕೊಂಡು ಬೀದಿಯಲ್ಲಿ ಕೂತರು, ಭಿತ್ತಿಪತ್ರ ಅಂಟಿಸಿದರು, ಹನಿ ಹಾಕಿಸಲು ಒಲ್ಲೆನೆಂದವರ ಮನೆಬಾಗಿಲಿಗೆ ಹೋಗಿ ಮಾತಾಡಿದರು. ಒಂದೊಂದು ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳಿಗೆ ಎರಡೆರಡು ಹನಿ. ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಮಸಿಯ ಗುರುತು.

ನಮ್ಮಂಥವರು ತಿಳಿಯಬೇಕಾದ ವಿಚಾರವೊಂದು ಇಲ್ಲಿದೆ. ಕೊನೆಕೊನೆಗೆ ರೋಗವು ಉಳಿದುಕೊಂಡಿದ್ದು ಹೆಚ್ಚಾಗಿ ಎಲ್ಲೂ ನೆಲೆ ನಿಲ್ಲದವರ ಮಕ್ಕಳಲ್ಲಿ. ಇಟ್ಟಿಗೆ ಗೂಡಿನವರು, ಕಟ್ಟಡ ಕಟ್ಟುವವರು, ಸುಗ್ಗಿಗೊಂದು ಊರು ಬೇಸಿಗೆಗೊಂದು ಊರು ಎಂದು ಅಲೆಯುವವರು. ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಹೋಗುವ ಪದ್ಧತಿಗೆ, ಗೋಡೆಯೇ ಇಲ್ಲದವರು ಸಿಕ್ಕುವುದು ಹೇಗೆ? ಆದುದರಿಂದ ರೈಲ್ವೆ ಸ್ಟೇಷನ್ನು, ಬಸ್ ನಿಲ್ದಾಣ, ಓಡುವ ರೈಲು, ಕಟ್ಟಡದ ಕೆಲಸದ ಜಾಗ ಇಲ್ಲೆಲ್ಲ ಹನಿ ಹಾಕುವ ತಂಡಗಳನ್ನು ನಿಲ್ಲಿಸಿದರು. 2009ರಲ್ಲಿ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂದಿತ್ತು, ಲೋಕದಲ್ಲೇ ಅತಿ ಹೆಚ್ಚು. ಕೊನೆಯ ರೋಗಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು, 2011ನೆಯ ಇಸವಿ ಜನವರಿ 13ರಂದು. 2014ರ ಮಾರ್ಚಿ 27ರಂದು ಭಾರತವು ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಈ ಎಲ್ಲ ವರ್ಷಗಳಲ್ಲಿ ಎಷ್ಟು ಭೂಕಂಪ, ಎಷ್ಟು ಪ್ರವಾಹ ಬಂದವು! ಅವಕ್ಕೆಲ್ಲ ಬೇರೆಯಾಗಿ ಹಣ ಎತ್ತಿದರೇ ಹೊರತು, ಪೋಲಿಯೊ ಹೆಸರಿನಲ್ಲಿ ಎತ್ತಿದ್ದನ್ನು ಪೋಲಿಯೊಗೇ ಇಟ್ಟರು. ಕೊಟ್ಟವರು ಮತ್ತೆ ಮತ್ತೆ ಕೊಡಲು ಇದೇ ಕಾರಣವೆಂದು ನನ್ನ ಭಾವನೆ.

ಈಗ ನಮ್ಮ ನಾಟಕದ ಲೆಕ್ಕ. ಅಂಕಿಗಳು ನಾನು ಪಾಠಕ್ಕಾಗಿ ಹಾಕಿಕೊಂಡವು. ಯಾರೂ ಇದನ್ನು ಹಿಡಿದು ಖಜಾಂಚಿಗಳ ಮೇಲೆ ಹೋಗಬೇಡಿ. ನೂರು ರೂಪಾಯಿಯ 300 ಟಿಕೆಟು ಮಾರಿದರೆ 30,000. ಸಭಾಂಗಣದ ಬಾಡಿಗೆ 9,000. ದೀಪ, ಮೈಕು 5,000. ಪರದೆ, ವೇಷ, ಬಣ್ಣ 4,500. ಅಚ್ಚಿನ ಖರ್ಚು 1,500. ಒಟ್ಟು 20,000. ಉಳಿದದ್ದು 10,000. ಎಂದರೆ ರೋಗಿಗೆಂದು ನೂರು ರೂಪಾಯಿ ಕೊಟ್ಟವನ ಹಣದಲ್ಲಿ ರೋಗಿಗೆ ಮುಟ್ಟಿದ್ದು ಮೂವತ್ತಮೂರು ರೂಪಾಯಿ ಚಿಲ್ಲರೆ. ಒಂದು ಫ್ಯಾನಿಗೆ ಎರಡೂವರೆ ಸಾವಿರ ತೆಗೆದರೆ ಇಪ್ಪತ್ತೈದು ರೂಪಾಯಿ. ಇನ್ನು ಮಳೆ ಬಂದು 180 ಟಿಕೆಟು ಮಾತ್ರ ಮಾರಾಟವಾಯಿತೆನ್ನಿ (ನವೆಂಬರ್ ತಿಂಗಳ ಮದರಾಸು, ಮಳೆ ಬಾರದೆ ಇದ್ದೀತೆ?), ಬಂದದ್ದು 18,000, ಖರ್ಚು 20,000. ರೋಗಿಗೆ ಏನೂ ಇಲ್ಲ. ಎರಡು ಸಾವಿರ ಕೈಯಿಂದ ಕಟ್ಟಬೇಕು. ಯಾರ ಕೈಯಿಂದ? ಇದನ್ನು ಪರದೆ ಏಳುವ ಮೊದಲೇ ಗೊತ್ತುಮಾಡಿಕೊಳ್ಳದೆ ಹೋದರೆ, ಪರದೆ ಬಿದ್ದ ಮೇಲೆ ಇನ್ನೊಂದು ನಾಟಕ ಆರಂಭವಾಗುತ್ತದೆ.

ತಿಳಿದ ಕ್ಲಬ್ಬುಗಳು ಖರ್ಚಿನ ಭಾಗವನ್ನು ಮೊದಲೇ ಬೇರೆ ದಾರಿಯಿಂದ ತುಂಬಿಕೊಳ್ಳುತ್ತವೆ. ಸ್ಮರಣ ಸಂಚಿಕೆಗೆ ಅಂಗಡಿಯವರಿಂದ ಜಾಹೀರಾತು, ಯಾರಾದರೂ ಪುಣ್ಯಾತ್ಮರಿಂದ ಸಭಾಂಗಣ, ಸದಸ್ಯರ ಜೇಬಿನಿಂದ ಬಣ್ಣದ ಖರ್ಚು. ಆಗ ಟಿಕೆಟಿನ ಹಣ ಹೆಚ್ಚುಕಡಮೆ ಇಡಿಯಾಗಿ ಉಳಿಯುತ್ತದೆ. ಅದೃಷ್ಟದ ಚೀಟಿ ಎತ್ತಿ ಬಹುಮಾನ ಕೊಟ್ಟರೆ ಟಿಕೆಟು ಬೇಗ ಖರ್ಚಾಗುತ್ತದೆಂದು ನಮ್ಮ ಯುವಕರೊಬ್ಬರು ಸೂಚಿಸಿದ್ದಾರೆ. ತಮಿಳುನಾಡಿನಲ್ಲಿ 2003ರಿಂದ ಲಾಟರಿ ನಿಷೇಧವಾಗಿದೆ. ಹಣ ಪಡೆದು ಚೀಟಿ ಎತ್ತುವ ಆಟಕ್ಕೆ ನಾವು ಹೋಗದಿರುವುದೇ ಕ್ಷೇಮ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ, ಈ ವಾಚನಾಲಯಕ್ಕೆ ಬರುವ ಮೊದಲು, ಜೊತೆಯ ಕೆಲಸಗಾರರೊಬ್ಬರ ಮಗುವಿನ ಹೃದಯದ ಶಸ್ತ್ರಚಿಕಿತ್ಸೆಗೆ ನಾವು ಕೆಲವರು ಎರಡು ಭಾನುವಾರ ಒಂದು ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಬಳಿ ಡಬ್ಬಿ ಹಿಡಿದು ನಿಂತೆವು. ಲೆಕ್ಕ ನನ್ನದು. 8,460 ರೂಪಾಯಿ ಕೂಡಿತು. ಬೆಳಗಿನಿಂದ ಬಿಸಿಲಲ್ಲಿ ನಿಂತ ಹುಡುಗರಿಗೆ ಕಾಫಿ, ಇಡ್ಲಿ, ರಾತ್ರಿ ಹಿಂದಿರುಗಲು ಆಟೋ, ಇದಕ್ಕೆಲ್ಲ ಡಬ್ಬಿಯಿಂದಲೇ 1,130 ತೆಗೆದೆ. ಯಾರೂ ಆಕ್ಷೇಪಿಸಲಿಲ್ಲ, ನನಗೂ ಏನೂ ಅನ್ನಿಸಲಿಲ್ಲ. ದುಡಿದವರು ತಿನ್ನಬೇಡವೆ? 7,330 ರೂಪಾಯಿಯನ್ನು ಮಗುವಿನ ತಂದೆಯ ಕೈಗೆ ಕೊಟ್ಟು ಫೋಟೋ ಹಿಡಿಸಿಕೊಂಡೆವು. ತಿಂಗಳ ಮೇಲೆ ಅದೇ ಮೆಟ್ಟಿಲಿಳಿಯುತ್ತಿದ್ದಾಗ, ಅಲ್ಲಿ ಹೂವು ಮಾರುವ ಮುದುಕಿ ನನ್ನನ್ನು ಗುರುತು ಹಿಡಿದು ಕೂಗಿದಳು: "ತಂಬಿ, ಅಂದ ಪುಳ್ಳೈಕ್ಕು ಕಾಸು ಪೋಯ್ ಸೇಂದುಚ್ಚಾ?" ಆ ಮಗುವಿಗೆ ಹಣ ಹೋಗಿ ಸೇರಿತೇ ಎಂದು. ಆಕೆ ಹತ್ತು ರೂಪಾಯಿ ಹಾಕಿದ್ದಳೆಂಬುದು ನನಗೆ ನೆನಪಿತ್ತು. ಒಂದು ಮೊಳ ಹೂವು ಮಾರಿದರೆ ಆಕೆಗೆ ಅಷ್ಟು ಉಳಿಯುತ್ತಿತ್ತೋ ಇಲ್ಲವೋ. "ಸೇಂದುಚ್ಚಮ್ಮಾ" ಎಂದು ಹೇಳಿ ಬೇಗಬೇಗ ನಡೆದುಬಿಟ್ಟೆ. ನಡೆಯುತ್ತ ಲೆಕ್ಕ ಹಾಕಿದೆ. ಗುಮಾಸ್ತನ ಬುದ್ಧಿ, ಬಿಡುತ್ತದೆಯೆ? ಆಕೆಯ ಹತ್ತರಲ್ಲಿ ಒಂದು ರೂಪಾಯಿ ಮೂವತ್ತು ಪೈಸೆಗಿಂತ ಹೆಚ್ಚಾಗಿ ನಮ್ಮ ಇಡ್ಲಿಗೆ, ಆಟೋಗೆ ಹೋಗಿತ್ತು. ಆ 1,130ನ್ನು ಮುಂದಿನ ಎರಡು ಸಂಬಳಗಳಲ್ಲಿ ನಾನು ತುಂಬಿಕೊಟ್ಟೆ. ಹುಡುಗರಿಗೆ ಹೇಳಲಿಲ್ಲ. ಇಂದು ಓದಿ ತಿಳಿಯುವವರು ಬೇಸರ ಮಾಡಿಕೊಳ್ಳಬಾರದು.

ಹೊಟ್ಟೆಗೆ ತಿಂದದ್ದು ಮಹಾಪಾಪವೆಂದು ನಾನು ಹೇಳುತ್ತಿಲ್ಲ. ಡಬ್ಬಿಯ ಮೇಲೆ "ಮಗುವಿನ ಚಿಕಿತ್ಸೆಗಾಗಿ" ಎಂದು ಬರೆದಿತ್ತು. "ಮಗುವಿನ ಚಿಕಿತ್ಸೆ ಮತ್ತು ಕಾರ್ಯಕರ್ತರ ಉಪಾಹಾರಕ್ಕಾಗಿ" ಎಂದು ಬರೆದಿರಲಿಲ್ಲ. ಹಾಗೆ ಬರೆದಿದ್ದರೆ ಆಕೆ ಹಾಕುತ್ತಿದ್ದಳೋ ಬಿಡುತ್ತಿದ್ದಳೋ, ಅದು ಆಕೆಯ ಇಷ್ಟ. ಆ ಇಷ್ಟವನ್ನು ನಾವು ಆಕೆಗೆ ಬಿಟ್ಟುಕೊಡಲಿಲ್ಲ. ಟಿಕೆಟಿನ ಮೇಲೆ, ಡಬ್ಬಿಯ ಮೇಲೆ ಅಚ್ಚಾದ ಮಾತೇ ಕರಾರು. ಕಾನೂನಿನ ದೃಷ್ಟಿಯೂ ಬಹುಮಟ್ಟಿಗೆ ಇದೇ: ಒಂದು ಉದ್ದೇಶಕ್ಕೆಂದು ನಂಬಿ ಕೈಗೆ ಕೊಟ್ಟ ಹಣವನ್ನು ಅಪ್ರಾಮಾಣಿಕವಾಗಿ ಬೇರೆ ಕಡೆಗೆ ತಿರುಗಿಸಿದರೆ ಅದು ನಂಬಿಕೆದ್ರೋಹದ ಅಪರಾಧವಾಗುತ್ತದೆ, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 316ನೆಯ ಕಲಂ.

ಹಾಗಾದರೆ ಓದುವ ಕೋಣೆಗೆ ಫ್ಯಾನು ಬೇಡವೆ? ಖಂಡಿತ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಕೂತು ಪತ್ರಿಕೆ ಓದಿದವರು ಯಾರೂ ಬೇಡವೆನ್ನಲಾರರು. ನಮ್ಮ ಹಿರಿಯರು ಕೇಳಿದ ಮಾತಿನಲ್ಲಿ ಅರ್ಧ ಸತ್ಯ ಉಂಟು: ಉಚಿತ ವಾಚನಾಲಯವೂ ಒಂದು ಸಾರ್ವಜನಿಕ ಕಾರ್ಯವೇ, ಅದಕ್ಕಾಗಿ ಹಣ ಎತ್ತುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಅದನ್ನು ಅದರ ಹೆಸರಿನಲ್ಲೇ ಎತ್ತಬೇಕು. ಇಲ್ಲವೆ ಟಿಕೆಟಿನ ಮೇಲೆಯೇ, ಖರ್ಚು ಕಳೆದು ಉಳಿದುದರಲ್ಲಿ ಮುಕ್ಕಾಲು ಪಾಲು ರೋಗಿಗಳಿಗೆ, ಕಾಲು ಪಾಲು ವಾಚನಾಲಯಕ್ಕೆ ಎಂದು ಕಾಣುವಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು. ನನ್ನ ಒಲವು ಮೊದಲಿನದರ ಕಡೆಗೆ.

ರೋಗಿಗಳಿಗೆ ಕೊಡುವ ವಿಷಯದಲ್ಲೂ ಒಂದು ಮಾತು. ನಮ್ಮ ಪಕ್ಕದ ಸ್ಟೇಷನ್ನಿಗೆ ಹೆಸರು ಕೊಟ್ಟ ತಾಂಬರಂ ಸಾನಟೋರಿಯಮ್ಮನ್ನು 1928ರಲ್ಲಿ ಡಾ. ಚೌರಿ ಮುತ್ತು ಅವರು ಕ್ಷಯರೋಗಿಗಳಿಗಾಗಿ ಖಾಸಗಿಯಾಗಿ ಆರಂಭಿಸಿದರು; 1937ರಲ್ಲಿ ಸರ್ಕಾರ ವಹಿಸಿಕೊಂಡಿತು. ಇಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಮಾತ್ರೆ ಧರ್ಮಾರ್ಥವಾಗಿಯೇ ಸಿಗುತ್ತದೆ. ನಾವು ಮಾತ್ರೆಗೆ ಹಣ ಕೊಡುತ್ತೇವೆಂದು ಹೋದರೆ ಕೊಟ್ಟ ತೃಪ್ತಿ ನಮ್ಮದು, ಉಪಯೋಗ ಅವರಿಗೆ ಅಷ್ಟಿಲ್ಲ. ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕಾದವನಿಗೆ ಕಷ್ಟವಾಗುವುದು ಆ ಅವಧಿಯ ಊಟ, ಹೋಗಿಬರುವ ಬಸ್ಸಿನ ಹಣ, ಕೂಲಿ ತಪ್ಪಿದ ಮನೆಯ ಬಾಡಿಗೆ. ನಮ್ಮ ಊರುಗಳಲ್ಲಿ ಹೆಂಗಸರು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದೊಂದು ಮುಷ್ಟಿ ತೆಗೆದಿಟ್ಟು ಮಠಕ್ಕೋ ಶಾಲೆಯ ಮಕ್ಕಳ ಊಟಕ್ಕೋ ಕೊಡುತ್ತಿದ್ದರಲ್ಲ, ಅವರು ಏನು ಬೇಕೆಂದು ಕೇಳಿಯೇ ಕೊಡುತ್ತಿದ್ದರು. ಆದುದರಿಂದ ಟಿಕೆಟಿನ ಮೇಲೆ "ಔಷಧಿಗಾಗಿ" ಎಂದು ಹಾಕುವ ಮೊದಲು, ಇಬ್ಬರು ಸದಸ್ಯರು ಆಸ್ಪತ್ರೆಗೆ ಹೋಗಿ ಅಲ್ಲಿಯವರನ್ನು ವಿಚಾರಿಸಿ ಬರುವುದು ಒಳ್ಳೆಯದೆಂದು ನನ್ನ ಸಲಹೆ. ಒಮ್ಮೆ ಅಚ್ಚಾದ ಮೇಲೆ ಬದಲಾಯಿಸಲಾಗದು.

ಈ ಪಾಠದ ಕರಡನ್ನು ಪ್ರಶ್ನೆ ಕೇಳಿದ ಹಿರಿಯರಿಗೆ ಮೊದಲೇ ಓದಿ ಹೇಳಿದೆ; ಅವರ ಮಾತಿನಿಂದ ಆರಂಭಿಸಿ ಅವರಿಗೆ ತಿಳಿಸದಿರುವುದು ಸರಿಯಲ್ಲ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, "ನಿಮ್ಮ ಪೋಲಿಯೊ ಪುರಾಣ ಸ್ವಲ್ಪ ಉದ್ದವಾಯಿತು" ಎಂದರು. ಆಮೇಲೆ ಜೇಬಿನಿಂದ ನೂರರ ನೋಟು ತೆಗೆದು, "ಫ್ಯಾನಿಗೆ ಬೇರೆ ಡಬ್ಬಿ ಇಡಿ, ಇದು ಮೊದಲನೆಯದು. ರಶೀದಿ ಹರಿಯಿರಿ" ಎಂದರು. ಡಬ್ಬಿಯನ್ನು ದಿನಪತ್ರಿಕೆಗಳ ಮೇಜಿನ ಬಲಗಡೆ ಇಟ್ಟಿದ್ದೇವೆ. ಬರೆಯುವ ಹೊತ್ತಿಗೆ ಶಿಲ್ಕು 340 ರೂಪಾಯಿ. ಟಿಕೆಟಿನ ಒಕ್ಕಣೆಯನ್ನು ಗೊತ್ತುಮಾಡುವ ಸಭೆ ಬರುವ ತಿಂಗಳ ಎರಡನೆಯ ಭಾನುವಾರ ಸಂಜೆ 5 ಗಂಟೆಗೆ; ಎರಡನೆಯ ಪಾಳಿಯವರು ತಮ್ಮ ಅಭಿಪ್ರಾಯವನ್ನು ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿರಬಹುದು.